ತಿಂಗಳಿಗೋ, ವರ್ಷಕ್ಕೋ?



ಬಡ್ಡಿಯ ಮಾತು ಬಂದಾಗ ನಮ್ಮ ಮನೆಗಳಲ್ಲಿ ‘ಶೇಕಡಾ’ ಎಂಬ ಪದ ಕಿವಿಗೆ ಬೀಳುವುದು ಅಪರೂಪ. ‘ಎರಡು ರೂಪಾಯಿ ಬಡ್ಡಿ’, ‘ಮೂರು ರೂಪಾಯಿ ಬಡ್ಡಿ’ ಎನ್ನುತ್ತೇವೆ. ನೂರು ರೂಪಾಯಿಗೆ ತಿಂಗಳಿಗೆ ಎರಡು ರೂಪಾಯಿ ಎಂದು ಬಿಡಿಸಿ ಹೇಳುವ ಅಗತ್ಯವಿಲ್ಲ. ಕೊಡುವವನಿಗೂ ಗೊತ್ತು, ಕೊಳ್ಳುವವನಿಗೂ ಗೊತ್ತು. ಓದು ಬರಹ ಬಾರದ ಅಜ್ಜಿ ಕೂಡ ‘ಐದು ರೂಪಾಯಿ ಬಡ್ಡಿ’ ಎಂದರೆ ಬೆಚ್ಚಿಬೀಳುತ್ತಾಳೆ. ‘ಇಪ್ಪತ್ತು ತಿಂಗಳಿಗೆ ಅಸಲಿನಷ್ಟೇ ಬಡ್ಡಿಯಾಯಿತಲ್ಲಪ್ಪ!’ ಎಂದು ಬೆರಳು ಮಡಚುವ ಮೊದಲೇ ಅವಳ ಲೆಕ್ಕ ಮುಗಿದಿರುತ್ತದೆ.

ಬ್ಯಾಂಕಿನ ಭಾಷೆ ಬೇರೆ. ಠೇವಣಿಗೆ ಇಷ್ಟು, ಮನೆಸಾಲಕ್ಕೆ ಇಷ್ಟು ಎಂದು ಬ್ಯಾಂಕಿನವರು ಹೇಳುವ ಅಂಕಿ ವರ್ಷದ್ದು. ಇದೂ ಎಲ್ಲರಿಗೂ ತಿಳಿದಿದೆ. ಕೈಸಾಲದ ಭಾಷೆ ತಿಂಗಳಿನದು, ಬ್ಯಾಂಕಿನ ಭಾಷೆ ವರ್ಷದ್ದು. ಎರಡನ್ನೂ ಬಲ್ಲ ಗೃಹಿಣಿ ತನ್ನ ಬಳೆಯನ್ನು ಬ್ಯಾಂಕಿನಲ್ಲಿ ಇಡಬೇಕೇ, ಗಿರವಿ ಅಂಗಡಿಯಲ್ಲಿ ಇಡಬೇಕೇ ಎಂಬುದನ್ನು ನಿಂತಲ್ಲೇ ತೀರ್ಮಾನಿಸುತ್ತಾಳೆ.

ಈ ಎರಡು ಭಾಷೆಗಳ ನಡುವೆ ಈಗ ಕ್ರೆಡಿಟ್ ಕಾರ್ಡ್ ಬಂದು ನಿಂತಿದೆ. ಅದನ್ನು ಕೊಡುವುದು ಬ್ಯಾಂಕು. ಆದರೆ ಅದು ಆಡುವುದು ಕೈಸಾಲದ ಭಾಷೆ. ಇಂದು ಹಲವು ಕಾರ್ಡುಗಳ ಬಡ್ಡಿ ತಿಂಗಳಿಗೆ ಶೇಕಡಾ ಮೂರೂವರೆ, ಮೂರೂಮುಕ್ಕಾಲು. ಬೆಂಗಳೂರಿನ ಕಂಪನಿಯೊಂದರಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ನಿಮ್ಮ ಮಗ ಬ್ಯಾಂಕಿನ ಬಾಯಿಂದ ‘ಮೂರೂವರೆ’ ಎಂದು ಕೇಳಿದಾಗ ಅದನ್ನು ಬ್ಯಾಂಕಿನ ಭಾಷೆಯಲ್ಲೇ ಅರ್ಥಮಾಡಿಕೊಳ್ಳುತ್ತಾನೆ. ‘ಮನೆಸಾಲಕ್ಕೇ ಎಂಟು ಒಂಬತ್ತು ತೆಗೆದುಕೊಳ್ಳುತ್ತಾರೆ, ಇದು ಬರೀ ಮೂರೂವರೆ’ ಎಂದುಕೊಳ್ಳುತ್ತಾನೆ. ಅದೇ ಅಂಕಿಯನ್ನು ಊರಿನಲ್ಲಿರುವ ತಾಯಿಗೆ ‘ಮೂರೂವರೆ ರೂಪಾಯಿ ಬಡ್ಡಿ’ ಎಂದು ಹೇಳಿದ್ದರೆ ಆಕೆ ಅಂಥ ಸಾಲದ ಹತ್ತಿರವೂ ಸುಳಿಯಬೇಡವೆಂದು ಗದರುತ್ತಿದ್ದಳು. ಇಂಜಿನಿಯರಿಂಗ್ ಓದಿದವನಿಗೆ ತಿಳಿಯದ್ದು ಏಳನೇ ತರಗತಿಗೆ ಶಾಲೆ ಬಿಟ್ಟವಳಿಗೆ ತಿಳಿಯುತ್ತದೆ. ದುಃಖದ ಸಂಗತಿಯೆಂದರೆ, ಅವನು ಆಕೆಯನ್ನು ಕೇಳುವುದಿಲ್ಲ.

ಲೆಕ್ಕವನ್ನು ಬಿಡಿಸಿ ನೋಡೋಣ. ತಿಂಗಳಿಗೆ ಮೂರೂವರೆ ಎಂದರೆ ಹನ್ನೆರಡು ತಿಂಗಳಿಗೆ 42. ಬ್ಯಾಂಕು ತನ್ನ ಪತ್ರಗಳಲ್ಲಿ ‘ಎ.ಪಿ.ಆರ್.’ ಅಥವಾ ವಾರ್ಷಿಕ ದರ ಎಂದು ಬರೆಯುವುದು ಸಾಮಾನ್ಯವಾಗಿ ಈ 42ನ್ನೇ. ಆದರೆ ಅಲ್ಲಿಗೆ ಲೆಕ್ಕ ನಿಲ್ಲುವುದಿಲ್ಲ. ಮೊದಲ ತಿಂಗಳ ಬಡ್ಡಿಯನ್ನು ನೀವು ಕಟ್ಟದೆ ಬಿಟ್ಟರೆ ಅದು ಅಸಲಿಗೆ ಸೇರಿಕೊಳ್ಳುತ್ತದೆ. ಎರಡನೆಯ ತಿಂಗಳು ಬಡ್ಡಿ ಬೀಳುವುದು ನೂರರ ಮೇಲಲ್ಲ, ನೂರಾಮೂರೂವರೆಯ ಮೇಲೆ. ಮೂರನೆಯ ತಿಂಗಳು ಇನ್ನೂ ಸ್ವಲ್ಪ ಹೆಚ್ಚಿನದರ ಮೇಲೆ. ನಮ್ಮ ಹಿರಿಯರು ಇದನ್ನು ಚಕ್ರಬಡ್ಡಿ ಎಂದರು. ಹೀಗೆ ಹನ್ನೆರಡು ಸಲ ಚಕ್ರ ತಿರುಗಿದರೆ ನೂರು ರೂಪಾಯಿ 151 ರೂಪಾಯಿಯಾಗುತ್ತದೆ. ಮೂರೂಮುಕ್ಕಾಲಿನ ಕಾರ್ಡಾದರೆ 155ನ್ನೂ ದಾಟುತ್ತದೆ. ಇದರ ಮೇಲೆ ಬಡ್ಡಿಗೆ ಶೇಕಡಾ 18ರ ಜಿ.ಎಸ್.ಟಿ. ಬೇರೆ; ಅಂದರೆ ತಿಂಗಳಿಗೆ ಮೂರೂವರೆ ರೂಪಾಯಿ ಬಡ್ಡಿ ನಿಮ್ಮ ಜೇಬಿನಿಂದ ಹೋಗುವಾಗ ನಾಲ್ಕು ರೂಪಾಯಿ ಹದಿಮೂರು ಪೈಸೆಯಾಗಿರುತ್ತದೆ. ಮೂರೂವರೆ, ನಲವತ್ತೆರಡು, ಐವತ್ತೊಂದು: ಮೂರೂ ಒಂದೇ ಸಾಲದ ಹೆಸರುಗಳು. ಜಾಹೀರಾತಿನವನು ಯಾವ ಹೆಸರನ್ನು ಆರಿಸಿಕೊಳ್ಳುತ್ತಾನೆಂದು ನಾನು ಹೇಳಬೇಕಾಗಿಲ್ಲ.

ಇಲ್ಲಿ ಧರ್ಮಕ್ಕೇನು ಕೆಲಸ ಎಂದು ನೀವು ಕೇಳಬಹುದು. ಧರ್ಮೋಪದೇಶಕಾಂಡದ 25ನೇ ಅಧ್ಯಾಯವನ್ನು ತೆರೆದು ನೋಡಿ. ಚೀಲದಲ್ಲಿ ಎರಡು ಬಗೆಯ ತೂಕದ ಕಲ್ಲುಗಳನ್ನು, ಒಂದು ದೊಡ್ಡದು ಒಂದು ಚಿಕ್ಕದು, ಇಟ್ಟುಕೊಳ್ಳಬಾರದೆಂದು ದೇವರು ಇಸ್ರಯೇಲರಿಗೆ ವಿಧಿಸುತ್ತಾರೆ. ಕೊಳ್ಳುವಾಗ ಒಂದು ಕಲ್ಲು, ಮಾರುವಾಗ ಇನ್ನೊಂದು ಕಲ್ಲು. ಅದು ದೇವರಿಗೆ ಅಸಹ್ಯ. ಗಮನಿಸಿ, ಆ ಎರಡು ಕಲ್ಲುಗಳೂ ಬೇರೆಬೇರೆಯಾಗಿ ನೋಡಿದರೆ ಸುಳ್ಳಲ್ಲ. ಅರ್ಧ ಸೇರಿನ ಕಲ್ಲು ಅರ್ಧ ಸೇರನ್ನೇ ತೂಗುತ್ತದೆ. ಅದನ್ನು ಸೇರಿನ ಜಾಗದಲ್ಲಿ ಇಟ್ಟಾಗ ಮೋಸ ಹುಟ್ಟುತ್ತದೆ. ಈಗ ಬ್ಯಾಂಕಿನ ಚೀಲವನ್ನು ನೋಡೋಣ. ನಮ್ಮ ಠೇವಣಿಯ ಮೇಲೆ ಅದು ಕೊಡುವ ಬಡ್ಡಿಯನ್ನು ‘ಆರು’, ‘ಏಳು’ ಎಂದು ವರ್ಷದ ಕಲ್ಲಿನಲ್ಲಿ ತೂಗಿ ತೋರಿಸುತ್ತದೆ. ಅದೇ ಬ್ಯಾಂಕು ಕಾರ್ಡಿನ ಮೇಲೆ ನಮ್ಮಿಂದ ತೆಗೆದುಕೊಳ್ಳುವ ಬಡ್ಡಿಯನ್ನು ‘ಮೂರೂವರೆ’ ಎಂದು ತಿಂಗಳ ಕಲ್ಲಿನಲ್ಲಿ ತೂಗುತ್ತದೆ. ಕೊಡುವ ಏಳು ದೊಡ್ಡದಾಗಿ ಕಾಣುತ್ತದೆ, ತೆಗೆದುಕೊಳ್ಳುವ ಮೂರೂವರೆ ಚಿಕ್ಕದಾಗಿ ಕಾಣುತ್ತದೆ. ಕೊಡುವುದಕ್ಕೂ ಕೊಳ್ಳುವುದಕ್ಕೂ ಒಂದೇ ಕಲ್ಲನ್ನು ಬಳಸಿದ್ದರೆ ಏಳಕ್ಕೆ ಎದುರಾಗಿ ನಲವತ್ತೆರಡು ನಿಲ್ಲುತ್ತಿತ್ತು.

ತಿಂಗಳಿಗೋ ವರ್ಷಕ್ಕೋ ಎಂಬ ಗೊಂದಲ ಇಂದಿನದಲ್ಲ. ಕ್ರಿಸ್ತಪೂರ್ವ ಐದನೆಯ ಶತಮಾನದಲ್ಲಿ ನೆಹೆಮೀಯನು ಜೆರುಸಲೇಮಿನ ಗೋಡೆಯನ್ನು ಕಟ್ಟಿಸುತ್ತಿದ್ದಾಗ ಜನರು ಗೋಳಾಡುತ್ತಾ ಅವನ ಬಳಿಗೆ ಬಂದರು. ಬರಗಾಲದಲ್ಲಿ ಧಾನ್ಯಕ್ಕಾಗಿ ಹೊಲ, ದ್ರಾಕ್ಷಿತೋಟ, ಮನೆಗಳನ್ನು ಅಡವಿಟ್ಟಿದ್ದರು. ಅರಸನ ಕಂದಾಯ ಕಟ್ಟಲು ಸಾಲ ಮಾಡಿದ್ದರು. ಮಕ್ಕಳನ್ನು ಜೀತಕ್ಕೆ ಒಪ್ಪಿಸಿದ್ದರು. ಸಾಲ ಕೊಟ್ಟವರು ಹೊರಗಿನವರಲ್ಲ, ಸ್ವಂತ ಕುಲದವರೇ. ನೆಹೆಮೀಯನು ಶ್ರೀಮಂತರನ್ನು ಸಭೆ ಸೇರಿಸಿ, ಅಡವಿಟ್ಟುಕೊಂಡದ್ದನ್ನೂ ‘ನೂರರಲ್ಲೊಂದು’ ಪಾಲನ್ನೂ ಹಿಂದಿರುಗಿಸಿರೆಂದು ಹೇಳಿದನು. ನೂರರಲ್ಲೊಂದು! ಇಷ್ಟು ಅಲ್ಪ ಬಡ್ಡಿಗೆ ಯಾರಾದರೂ ಮಕ್ಕಳನ್ನು ಜೀತಕ್ಕಿಡುತ್ತಾರೆಯೇ? ಆ ವಾಕ್ಯದಲ್ಲಿ ತಿಂಗಳಿಗೆ ಎಂದಾಗಲಿ ವರ್ಷಕ್ಕೆ ಎಂದಾಗಲಿ ಹೇಳಿಲ್ಲ. ಅದು ತಿಂಗಳ ಬಡ್ಡಿ, ಅಂದರೆ ವರ್ಷಕ್ಕೆ ಹನ್ನೆರಡು ಎಂದು ಅರ್ಥಮಾಡಿದ ವ್ಯಾಖ್ಯಾನಕಾರರು ಅನೇಕರಿದ್ದಾರೆ. ನನಗೂ ಅದೇ ಸರಿಯೆನಿಸುತ್ತದೆ. ಇನ್ನೊಂದು ಮಾತು: ನಾನೂ ನನ್ನ ಸಹೋದರರೂ ನನ್ನ ಸೇವಕರೂ ಸಾಲ ಕೊಟ್ಟಿದ್ದೇವೆ ಎಂದು ನೆಹೆಮೀಯನು ಅದೇ ಸಭೆಯಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದನು. ಇದಕ್ಕೆ ಮುಂದೆ ಬರುತ್ತೇನೆ.

ರೋಮನರ ಕಾಲದಲ್ಲಿ ಈ ನೂರರಲ್ಲೊಂದು ಬಡ್ಡಿಗೆ ‘ಸೆಂತೇಸಿಮ’ ಎಂಬ ಹೆಸರಿತ್ತು. ಅದು ತಿಂಗಳ ಬಡ್ಡಿಯೇ. ಪ್ರತಿ ತಿಂಗಳ ಮೊದಲ ದಿನವನ್ನು ಅವರು ‘ಕಲೆಂಡೆ’ ಎನ್ನುತ್ತಿದ್ದರು, ಬಡ್ಡಿ ಕಟ್ಟಬೇಕಾದ ದಿನವೂ ಅದೇ. ಸಾಲಬಡ್ಡಿಯ ಲೆಕ್ಕದ ಪುಸ್ತಕಕ್ಕೆ ‘ಕಲೆಂಡಾರಿಯುಂ’ ಎಂದು ಕರೆದರು. ನಮ್ಮ ಗೋಡೆಯ ಮೇಲೆ ಸಂತರ ಹಬ್ಬಗಳನ್ನು ತೋರಿಸುತ್ತಾ ತೂಗುವ ಕ್ಯಾಲೆಂಡರ್ ಎಂಬ ಪದ ಹುಟ್ಟಿದ್ದು ಸಾಲದ ಪುಸ್ತಕದಿಂದ!

ಕ್ರಿ.ಶ. 325ರಲ್ಲಿ ಸೇರಿದ ನಿಸೇಯಾ ಮಹಾಸಭೆಯೆಂದರೆ ನಮಗೆ ನೆನಪಾಗುವುದು ವಿಶ್ವಾಸ ಪ್ರಮಾಣ. ಅದೇ ಮಹಾಸಭೆ ಇಪ್ಪತ್ತು ನಿಯಮಗಳನ್ನೂ ಮಾಡಿತು. ಅವುಗಳಲ್ಲಿ ಹದಿನೇಳನೆಯದು ಬಡ್ಡಿ ವ್ಯವಹಾರ ಮಾಡುವ ಗುರುವರ್ಗದವರನ್ನು ಕುರಿತದ್ದು. ನೂರರಲ್ಲೊಂದರ ಬಡ್ಡಿ ತೆಗೆದುಕೊಳ್ಳುವವರನ್ನೂ, ಬೇರೆ ಉಪಾಯ ಹೂಡಿ ಕೊಟ್ಟದ್ದರ ಒಂದೂವರೆಯಷ್ಟು ವಸೂಲು ಮಾಡುವವರನ್ನೂ ಆ ಪದವಿಯಿಂದ ತೆಗೆದುಹಾಕಬೇಕೆಂದು ಅದು ವಿಧಿಸಿತು. ಒಂದೂವರೆ ಎಂದರೆ ನೂರಕ್ಕೆ ನೂರೈವತ್ತು. ಮೇಲೆ ನಾವು ಹಾಕಿದ ಕಾರ್ಡಿನ ಲೆಕ್ಕ ನೂರಕ್ಕೆ 151ಕ್ಕೆ ಬಂದು ನಿಂತದ್ದು ನಿಮಗೆ ನೆನಪಿರಬಹುದು. ಹದಿನೇಳು ಶತಮಾನಗಳ ಹಿಂದೆ ಧರ್ಮಾಧ್ಯಕ್ಷರು ನಾಚಿಕೆಗೇಡೆಂದು ಎಣಿಸಿದ ಅಂಕಿ ಇಂದು ಚಂದದ ಪ್ಲಾಸ್ಟಿಕ್ ತುಂಡಿನ ಮೇಲೆ ಮನೆಬಾಗಿಲಿಗೆ ಬರುತ್ತಿದೆ.

ಹಾಗಾದರೆ ಬಡ್ಡಿಯೆಲ್ಲವೂ ಪಾಪವೇ? ಧರ್ಮಸಭೆ ಹಾಗೆ ಹೇಳುವುದಿಲ್ಲ. 1745ರಲ್ಲಿ ಜಗದ್ಗುರು 14ನೇ ಬೆನೆಡಿಕ್ಟರು ಈ ವಿಷಯವಾಗಿ ಇಟಲಿಯ ಧರ್ಮಾಧ್ಯಕ್ಷರಿಗೆ ಪತ್ರ ಬರೆದರು. ಸಾಲ ಕೊಟ್ಟೆನೆಂಬ ಒಂದೇ ಕಾರಣಕ್ಕೆ ಹೆಚ್ಚಿಗೆ ಕೇಳುವಂತಿಲ್ಲ, ಆದರೆ ಸಾಲಕ್ಕೆ ಹೊರಗಿನ ನ್ಯಾಯವಾದ ಕಾರಣಗಳಿದ್ದರೆ ಕೇಳಬಹುದು ಎಂಬುದು ಅದರ ತಿರುಳು. ಸಾಲ ಕೊಟ್ಟದ್ದರಿಂದ ಆದ ನಷ್ಟ, ತಪ್ಪಿಹೋದ ಲಾಭ, ಹಣ ಮರಳದಿರಬಹುದೆಂಬ ಅಪಾಯ, ಇವನ್ನು ನೀತಿಶಾಸ್ತ್ರಜ್ಞರು ಅಂಥ ಕಾರಣಗಳೆಂದು ಎಣಿಸುತ್ತಾ ಬಂದಿದ್ದಾರೆ. ಕಾರ್ಡಿನ ಸಾಲಕ್ಕೆ ಅಡವಿಲ್ಲ, ಜಾಮೀನಿಲ್ಲ, ಆದುದರಿಂದ ಅಪಾಯ ಹೆಚ್ಚು ಎಂದು ಬ್ಯಾಂಕಿನವರು ವಾದಿಸುತ್ತಾರೆ. ಆ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಅಪಾಯಕ್ಕೆ ಬೆಲೆಯಿದೆ. ಆದರೆ ನಲವತ್ತೆರಡು ಅಪಾಯದ ಬೆಲೆಯೋ, ಲೆಕ್ಕ ಅರಿಯದವನ ಅಜ್ಞಾನದ ಬೆಲೆಯೋ? ಬೆಲೆ ನ್ಯಾಯವಾಗಿದ್ದರೆ ಅದನ್ನು ದೊಡ್ಡ ಅಕ್ಷರದಲ್ಲಿ ವರ್ಷದ ಕಲ್ಲಿನಲ್ಲೇ ತೂಗಿ ತೋರಿಸಲು ಅಂಜಿಕೆ ಏಕೆ?

ಈ ಅಂಜಿಕೆ ಎಲ್ಲ ದೇಶಗಳಲ್ಲೂ ಇದ್ದದ್ದೇ. ಅಮೆರಿಕದಲ್ಲಿ ಸೆನೆಟರ್ ಪಾಲ್ ಡಗ್ಲಸ್ ಎಂಬವರು 1960ರಿಂದ ಹಟ ಹಿಡಿದು ಹೋರಾಡಿದ ಮೇಲೆ, ಸಾಲದ ದರವನ್ನು ವರ್ಷದ ಅಳತೆಯಲ್ಲಿ ತಿಳಿಸಲೇಬೇಕೆಂಬ ಕಾನೂನು 1968ರಲ್ಲಿ ಬಂದಿತು. ‘ಒಂದೂವರೆ’ ಎನ್ನುತ್ತಿದ್ದವರು ‘ಹದಿನೆಂಟು’ ಎನ್ನಬೇಕಾಯಿತು. ನಮ್ಮಲ್ಲಿ ರಿಸರ್ವ್ ಬ್ಯಾಂಕು 2022ರಲ್ಲಿ ಹೊರಡಿಸಿದ ನಿರ್ದೇಶನದಲ್ಲಿ ಕಾರ್ಡಿನ ವಾರ್ಷಿಕ ದರವನ್ನು ಉದಾಹರಣೆಗಳೊಂದಿಗೆ ತಿಳಿಸಬೇಕೆಂದೂ, ಅರ್ಜಿಯ ಜೊತೆ ಬಡ್ಡಿ ಮತ್ತು ಶುಲ್ಕಗಳ ವಿವರವನ್ನು ಒಂದು ಪುಟದಲ್ಲಿ ಕೊಡಬೇಕೆಂದೂ, ಕಟ್ಟದೆ ಉಳಿದ ಶುಲ್ಕ ಮತ್ತು ತೆರಿಗೆಗಳನ್ನು ಅಸಲಿಗೆ ಸೇರಿಸಿ ಬಡ್ಡಿ ಹಾಕಕೂಡದೆಂದೂ ವಿಧಿಸಿತು. ಅಂಕಿ ಮುದ್ರಿತವಾಗಿದೆ. ಓದುವವರು ಬೇಕಷ್ಟೇ. ದರಕ್ಕೆ ಮಾತ್ರ ಮಿತಿಯಿಲ್ಲ. ವರ್ಷಕ್ಕೆ ಶೇಕಡಾ 30ಕ್ಕಿಂತ ಹೆಚ್ಚಿನ ಬಡ್ಡಿ ಅನುಚಿತ ವ್ಯಾಪಾರ ಪದ್ಧತಿಯೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ತಳ್ಳಿಹಾಕಿತು. ಆದುದರಿಂದ ಕಾನೂನು ಕಾಯುತ್ತದೆಂದು ನಂಬಿ ಕೂರುವಂತಿಲ್ಲ.

ಮನೆಯ ಲೆಕ್ಕಕ್ಕೆ ಬರೋಣ. ಜೂನ್ 1ರಂದು ಮಗಳ ಶಾಲಾ ಶುಲ್ಕ 20,000 ರೂಪಾಯಿಯನ್ನು ಕಾರ್ಡಿನಿಂದ ಕಟ್ಟಿದಿರೆಂದು ಇಟ್ಟುಕೊಳ್ಳಿ. ಜೂನ್ 15ಕ್ಕೆ ಬಿಲ್ಲು ಬಂತು, ಹಣ ಕಟ್ಟಲು ಜುಲೈ 5 ಕೊನೆಯ ದಿನ. ಅಷ್ಟರೊಳಗೆ ಪೂರ್ತಿ 20,000 ಕಟ್ಟಿದಿರಾದರೆ ಒಂದು ಪೈಸೆ ಬಡ್ಡಿಯಿಲ್ಲ. ಒಂದು ತಿಂಗಳು ಬಡ್ಡಿಯಿಲ್ಲದ ಸಾಲ! ಕಾರ್ಡಿನ ಒಳ್ಳೆಯ ಗುಣ ಇದೇ, ಇದನ್ನು ಜಾಣತನದಿಂದ ಬಳಸುವ ಕುಟುಂಬಗಳೂ ಇವೆ. ಆದರೆ ಬಿಲ್ಲಿನಲ್ಲಿ ಇನ್ನೊಂದು ಅಂಕಿಯೂ ಇರುತ್ತದೆ: ‘ಮಿನಿಮಮ್ ಡ್ಯೂ’, ಕನಿಷ್ಠ ಮೊತ್ತ, 1,000 ರೂಪಾಯಿ. ಕೈ ಬಿಗಿಯಾಗಿದೆ, ಇಷ್ಟು ಕಟ್ಟಿದರೆ ಸಾಕಂತೆ ಎಂದು 1,000 ಕಟ್ಟಿ ನಿಟ್ಟುಸಿರು ಬಿಡುತ್ತೀರಿ. ಆ ಕ್ಷಣಕ್ಕೆ ಬಡ್ಡಿಯಿಲ್ಲದ ಅವಧಿ ರದ್ದಾಗುತ್ತದೆ. ಉಳಿದ 19,000ಕ್ಕೆ ಬಡ್ಡಿ ಆರಂಭವಾಗುವುದು ಜುಲೈ 5ರಿಂದ ಅಲ್ಲ, ಶುಲ್ಕ ಕಟ್ಟಿದ ಜೂನ್ 1ರಿಂದ. ಜುಲೈ 15ರ ಬಿಲ್ಲಿನ ಹೊತ್ತಿಗೆ 44 ದಿನ. ವರ್ಷಕ್ಕೆ 42ರಂತೆ ಬಡ್ಡಿ ಸುಮಾರು 962 ರೂಪಾಯಿ, ಅದಕ್ಕೆ ತೆರಿಗೆ ಸುಮಾರು 173. ಒಟ್ಟು ಬಾಕಿ 20,135. ಸಾವಿರ ಕಟ್ಟಿದ ಮೇಲೆ ಸಾಲ ಇಪ್ಪತ್ತು ಸಾವಿರಕ್ಕಿಂತ ಹೆಚ್ಚಾಯಿತು! ಇಷ್ಟೇ ಅಲ್ಲ, ಹಳೆಯ ಬಾಕಿ ಪೂರ್ತಿ ತೀರುವವರೆಗೆ ನೀವು ಹೊಸದಾಗಿ ಕೊಳ್ಳುವ ಅಕ್ಕಿ ಬೇಳೆಗೂ ಕೊಂಡ ದಿನದಿಂದಲೇ ಬಡ್ಡಿ. ಕಾರ್ಡು ಹಾಕಿ ಎ.ಟಿ.ಎಂ.ನಿಂದ ನಗದು ತೆಗೆದರಂತೂ ಬಡ್ಡಿಯಿಲ್ಲದ ದಿನ ಒಂದೂ ಇಲ್ಲ, ಮೇಲೆ ಶುಲ್ಕ ಬೇರೆ.

ಸಾಲ ಕೊಳ್ಳುವಾಗಿನ ಸುಖವನ್ನೂ ತೀರಿಸುವಾಗಿನ ಸಂಕಟವನ್ನೂ ಹಾಡಿದ ಸರ್ವಜ್ಞನನ್ನು ಶಾಲೆಯಲ್ಲಿ ಓದದವರಿಲ್ಲ. ಅವನ ಕಾಲದ ಸಾಲಗಾರನು ಒಬ್ಬರ ಮನೆಬಾಗಿಲಿಗೆ ಹೋಗಿ ತಲೆ ತಗ್ಗಿಸಿ ನಿಂತು ಕೇಳಬೇಕಾಗಿತ್ತು. ಆ ನಾಚಿಕೆ ಒಂದು ಕಡಿವಾಣವಾಗಿತ್ತು. ಕಾರ್ಡಿನಲ್ಲಿ ಅದೂ ಇಲ್ಲ. ಗಂಡನಿಗೆ ತಿಳಿಯದೆ ಹೆಂಡತಿ, ಹೆಂಡತಿಗೆ ತಿಳಿಯದೆ ಗಂಡ, ಇಬ್ಬರಿಗೂ ತಿಳಿಯದೆ ಮಗ ಸಾಲಗಾರರಾಗಬಹುದು. ವಸೂಲಿಯವರ ಫೋನು ಬಂದ ದಿನ ಮನೆಯವರಿಗೆ ಗೊತ್ತಾಗುತ್ತದೆ. ಆ ದಿನ ಒಡೆಯುವುದು ಹಣದ ಲೆಕ್ಕ ಮಾತ್ರವಲ್ಲ, ಒಬ್ಬರ ಮೇಲೊಬ್ಬರು ಇಟ್ಟ ನಂಬಿಕೆ ಕೂಡ. ಗುರುಗಳಾದ ನಮ್ಮ ಬಳಿಗೆ ಕುಟುಂಬಗಳು ಬರುವುದು ಬಹುಪಾಲು ಅದಾದ ಮೇಲೆಯೇ. ಸಂತ ಲೂಕರ ಶುಭಸಂದೇಶದಲ್ಲಿ ಗೋಪುರ ಕಟ್ಟಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುವುದಿಲ್ಲವೇ ಎಂದು ಪ್ರಭು ಯೇಸು ಕೇಳುತ್ತಾರೆ. ಕುಳಿತು ಎಂಬ ಮಾತನ್ನು ಗಮನಿಸಿ. ಗಂಡ ಹೆಂಡಿರು ಜೊತೆಯಾಗಿ ಕುಳಿತರೆ ಇನ್ನೂ ಒಳ್ಳೆಯದು.

ಈಗ ನೆಹೆಮೀಯನ ಮಾತಿಗೆ ಬರುತ್ತೇನೆ. ಬ್ಯಾಂಕನ್ನು ದೂರುವುದು ಸುಲಭ. ಆದರೆ ಓದುಗರೇ, ನಮ್ಮ ಧರ್ಮಕೇಂದ್ರಗಳಲ್ಲಿ ಕೈಸಾಲ ಕೊಡುವವರು ಯಾರು? ಕಾರ್ಡಿನ ಮೂರೂವರೆಯನ್ನು ಕೇಳಿ ‘ಅಯ್ಯೋ ಸುಲಿಗೆ’ ಎನ್ನುವವರಲ್ಲೇ ಕೆಲವರು ನೆರೆಮನೆಯ ಆಸ್ಪತ್ರೆ ಖರ್ಚಿಗೆ ಐದು ರೂಪಾಯಿ ಬಡ್ಡಿಗೆ ಹಣ ಕೊಟ್ಟು, ಮೊದಲ ತಿಂಗಳ ಬಡ್ಡಿಯನ್ನು ಮುರಿದುಕೊಂಡು ಉಳಿದದ್ದನ್ನು ಎಣಿಸಿಕೊಡುತ್ತಾರೆ. ಐದು ರೂಪಾಯಿ ಎಂದರೆ ವರ್ಷಕ್ಕೆ ಅರವತ್ತು. ಮುರಿದುಕೊಂಡ ಲೆಕ್ಕ ಹಿಡಿದರೆ ಇನ್ನೂ ಹೆಚ್ಚು. ಅತಿಯಾದ ಬಡ್ಡಿಯನ್ನು ನಿಷೇಧಿಸುವ ಕಾನೂನು ಕರ್ನಾಟಕದಲ್ಲಿ 2004ರಿಂದ ಇದೆ. ಆದರೆ ಸಾಲ ಪಡೆದ ನೆರೆಯವನು ದೂರು ಕೊಡುವುದಿಲ್ಲ, ನಾಳೆ ಮತ್ತೆ ಕೇಳಬೇಕಲ್ಲ. ಮಹಿಳಾ ಸಂಘಗಳ ಮಾತು ಬೇರೆ. ಎರಡು ರೂಪಾಯಿ ಬಡ್ಡಿ ತೆಗೆದುಕೊಂಡರೂ ಅದು ಸಂಘದ ಪೆಟ್ಟಿಗೆಗೇ ಬೀಳುತ್ತದೆ, ಸದಸ್ಯೆಯರಿಗೇ ಹಿಂದಿರುಗುತ್ತದೆ. ಆದರೂ ಅದು ವರ್ಷಕ್ಕೆ ಇಪ್ಪತ್ತನಾಲ್ಕು ಎಂದು ಸಭೆಯಲ್ಲಿ ಒಮ್ಮೆ ಗಟ್ಟಿಯಾಗಿ ಹೇಳಿಕೊಳ್ಳುವುದು ಒಳ್ಳೆಯದು.

ಕಾರ್ಡಿನ ಸಾಲದಲ್ಲಿ ಈಗಾಗಲೇ ಸಿಕ್ಕಿಬಿದ್ದವರಿಗೆ ಒಂದೆರಡು ಮಾತು. ಮೊದಲು ಮನೆಯವರಿಗೆ ಹೇಳಿ. ಕಾರ್ಡನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಬಾಕಿ ತೀರುವವರೆಗೆ ಮುಟ್ಟಬೇಡಿ. ಮನೆಯಲ್ಲಿ ಒಡವೆಯಿದ್ದರೆ ಬ್ಯಾಂಕಿನಲ್ಲಿ ಅಡವಿಟ್ಟಾದರೂ ಈ ಸಾಲ ತೀರಿಸುವುದು ಲೇಸು. ವರ್ಷಕ್ಕೆ ಹತ್ತು ಹನ್ನೆರಡರ ಸಾಲ ನಲವತ್ತೆರಡರ ಸಾಲಕ್ಕಿಂತ ಎಷ್ಟೋ ಹಗುರ. ಅದೂ ಇಲ್ಲದವರು ಬಾಕಿಯನ್ನು ಕಂತುಗಳಾಗಿ ಬದಲಿಸಿಕೊಡಲು ಬ್ಯಾಂಕನ್ನೇ ಕೇಳಬಹುದು. ಆಗಲೂ ಎಚ್ಚರವಿರಲಿ, ಚೀಲದಲ್ಲಿ ಮೂರನೆಯ ಕಲ್ಲೊಂದಿದೆ. ಅದರ ಹೆಸರು ‘ಫ್ಲಾಟ್’ ಬಡ್ಡಿ. 12,000 ರೂಪಾಯಿಗೆ ವರ್ಷಕ್ಕೆ 12ರ ಫ್ಲಾಟ್ ದರವೆಂದರೆ ತಿಂಗಳಿಗೆ 1,120ರಂತೆ ಹನ್ನೆರಡು ಕಂತು. ಪ್ರತಿ ಕಂತಿಗೂ ಅಸಲು ಕರಗುತ್ತಾ ಹೋದರೂ ಬಡ್ಡಿ ಮಾತ್ರ ಕೊನೆಯವರೆಗೆ ಪೂರ್ತಿ 12,000ದ ಮೇಲೇ ನಿಂತಿರುತ್ತದೆ. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ಅದು ವರ್ಷಕ್ಕೆ ಇಪ್ಪತ್ತೊಂದೂವರೆಯ ಹತ್ತಿರ. ಆದುದರಿಂದ ಮೂರು ಪ್ರಶ್ನೆ ಕೇಳಿ: ತಿಂಗಳಿಗೋ, ವರ್ಷಕ್ಕೋ? ಪೂರ್ತಿ ಅಸಲಿನ ಮೇಲೋ, ಉಳಿದ ಅಸಲಿನ ಮೇಲೋ? ಶುಲ್ಕ, ತೆರಿಗೆ ಎಲ್ಲ ಸೇರಿ ಒಟ್ಟು ಎಷ್ಟು ಕಟ್ಟಬೇಕು? ಫೋನಿನಲ್ಲಿ ಮಾತನಾಡುವ ಹುಡುಗಿ ಉತ್ತರಕ್ಕೆ ತಡವರಿಸಿದರೆ ಅವಳ ಮೇಲೆ ರೇಗಬೇಡಿ. ಅವಳಿಗೂ ಯಾರೂ ಹೇಳಿಕೊಟ್ಟಿರಲಿಕ್ಕಿಲ್ಲ. ‘ಬರವಣಿಗೆಯಲ್ಲಿ ಕಳಿಸಮ್ಮ’ ಎಂದು ಹೇಳಿ, ಅದು ಕೈಗೆ ಬಂದ ಮೇಲೆ ಊರಿನಲ್ಲಿರುವ ನಿಮ್ಮ ತಾಯಿಗೆ ರೂಪಾಯಿ ಲೆಕ್ಕದಲ್ಲಿ ಓದಿ ಹೇಳಿ.